ಮತ ವಿಭಜನೆಯ ಲೆಕ್ಕವೂ ನಮ್ಮ ಹೊಣೆಯೂ

ಚುನಾವಣೆಯ ಫಲಿತಾಂಶ ಹೊರಬಿದ್ದೊಡನೆ ವಿಜಯಪುರದ ನಮ್ಮ ಮೊಹಲ್ಲಾಗಳಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ‘ಮತ ಒಡೆದವರು ಯಾರು?’ ಆ ಪ್ರಶ್ನೆಯ ಬೆನ್ನಿಗೇ ಅಣ್ಣ ತಮ್ಮಂದಿರಲ್ಲಿ ಮಾತು ನಿಲ್ಲುತ್ತದೆ. ಬೇರೆ ಪಕ್ಷಕ್ಕೆ ಮತ ನೀಡಿದವನಿಗೆ ದ್ರೋಹಿಯೆಂಬ ಹೆಸರು ಅಂಟುತ್ತದೆ.

ಮತ ವಿಭಜನೆಗೆ ಪರಿಣಾಮವಿಲ್ಲವೆಂದು ನಾವು ಹೇಳುವುದಿಲ್ಲ. 2024ರ ಬ್ರಿಟನ್ ಚುನಾವಣೆಯಲ್ಲಿ ಲೇಬರ್ ಪಕ್ಷವು ಸುಮಾರು ಶೇಕಡಾ 34ರಷ್ಟು ಮತ ಪಡೆದು, 650 ಸ್ಥಾನಗಳಲ್ಲಿ 410ಕ್ಕೂ ಹೆಚ್ಚನ್ನು ಗೆದ್ದಿತು. ಎದುರಾಳಿಗಳ ಮತ ಹಂಚಿಹೋದುದು ಅದಕ್ಕೆ ನೆರವಾಯಿತು. ನಮ್ಮ ನಗರದಲ್ಲೂ ಅಂತಹ ಅನುಭವವಿದೆ. 2013ರಲ್ಲಿ ಬಸನಗೌಡ ಪಾಟೀಲ ಯತ್ನಾಳರು ಜೆಡಿಎಸ್‌ನಿಂದ ನಿಂತಿದ್ದರು. ಬಿಜೆಪಿಗೆ ಬೇರೆಯೇ ಅಭ್ಯರ್ಥಿಯಿದ್ದರು. ಗೆದ್ದವರು ಕಾಂಗ್ರೆಸ್ಸಿನ ಮಕ್ಬೂಲ್ ಬಾಗವಾನ.

ಆದರೆ ಮುಂದಿನ ಕಥೆಯನ್ನೂ ಓದಬೇಕು. 2018ರಲ್ಲಿ ಯತ್ನಾಳರು ಬಿಜೆಪಿಯಿಂದ ನಿಂತು, ಕಾಂಗ್ರೆಸ್ಸಿನ ಅಬ್ದುಲ್ ಹಮೀದ್ ಮುಶ್ರಿಫರನ್ನು 6 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 2023ರಲ್ಲಿ ಮುಶ್ರಿಫರು 85 ಸಾವಿರಕ್ಕೂ ಅಧಿಕ ಮತ ಪಡೆದರು. ಆದರೂ ಸೋಲಿನ ಅಂತರ 8 ಸಾವಿರವನ್ನು ಮೀರಿತು. ನಮ್ಮ ಮತವೆಲ್ಲ ಒಂದೆಡೆ ಸೇರಿದರೆ ಸಾಕೆಂಬ ಲೆಕ್ಕ ಅಲ್ಲಿಯೇ ಸೋತಿತು. ಒಂದು ಕಡೆ ಮತ ಒಗ್ಗೂಡಿದಷ್ಟೂ ಇನ್ನೊಂದು ಕಡೆಯೂ ಒಗ್ಗೂಡುತ್ತದೆ.

2025ರ ಮಾರ್ಚಿನಲ್ಲಿ ಬಿಜೆಪಿಯು ಯತ್ನಾಳರನ್ನು ಆರು ವರ್ಷಗಳ ಕಾಲ ಉಚ್ಚಾಟಿಸಿತು. ಅಂದಿನಿಂದ, ‘ಈ ಸಲ ಅವರ ಮತ ಒಡೆಯುತ್ತದೆ, ನಾವು ಗೆಲ್ಲುತ್ತೇವೆ’ ಎಂದು ಕಾಯುವವರಿದ್ದಾರೆ. ಪರರ ಮನೆ ಬಿರಿಯಲೆಂದು ಕಾಯುವುದು ರಾಜಕೀಯವೂ ಅಲ್ಲ, ವಿಶ್ವಾಸಿಗೆ ಶೋಭೆಯೂ ಅಲ್ಲ.

ನೆರೆಯ ಬಬಲೇಶ್ವರ ಕ್ಷೇತ್ರವನ್ನು ನೋಡಿರಿ. ತಿಕೋಟಾ ಸೇರಿದ ಆ ಕ್ಷೇತ್ರದಲ್ಲಿ ಜಾತಿಯ ಲೆಕ್ಕವಿಲ್ಲವೆಂದಲ್ಲ. ಆದರೆ ನೀರಾವರಿಯ ಮಾತಿಲ್ಲದೆ ಅಲ್ಲಿ ಮತ ಕೇಳುವುದು ಕಷ್ಟ. ನೀರು ಯಾವ ರೈತನ ಧರ್ಮವನ್ನೂ ಕೇಳುವುದಿಲ್ಲ. ಜನರ ಮನಸ್ಸೂ ಕಲ್ಲಿನಲ್ಲಿ ಕೊರೆದುದಲ್ಲ. 2023ರಲ್ಲಿ ಜಿಲ್ಲೆಯ ಎಂಟು ಸ್ಥಾನಗಳಲ್ಲಿ ಆರನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರರೇ, ಮರುವರ್ಷ ಬಿಜೆಪಿಯ ರಮೇಶ ಜಿಗಜಿಣಗಿಯವರನ್ನು ಲೋಕಸಭೆಗೆ ಕಳುಹಿಸಿದರು.

ಆದ್ದರಿಂದ ನಮ್ಮ ಪ್ರಶ್ನೆ ಬದಲಾಗಬೇಕು. ‘ನಮ್ಮಲ್ಲಿ ಯಾರು ಒಡೆದರು?’ ಎಂಬುದರ ಬದಲು ‘ನೆರೆಯವರಲ್ಲಿ ಎಷ್ಟು ಜನರ ಭರವಸೆಯನ್ನು ಗಳಿಸಿದೆವು?’ ಎಂದು ಕೇಳಿಕೊಳ್ಳೋಣ. ಸಿದ್ಧೇಶ್ವರ ಗುಡಿಯ ಸುತ್ತಲಿನ ಅಂಗಡಿಕಾರನಿಗೂ ಗೋಳಗುಮ್ಮಟದ ಬಳಿಯ ಟಾಂಗಾದವನಿಗೂ ಬೇಕಾದ ರಸ್ತೆ, ಚರಂಡಿ, ಕುಡಿಯುವ ನೀರು ಒಂದೇ. ಅದನ್ನು ಕೇಳಲು ಒಟ್ಟಾಗಿ ಹೋಗುವುದಕ್ಕೆ ಚುನಾವಣೆ ಬರುವವರೆಗೆ ಕಾಯಬೇಕಿಲ್ಲ. ಹದಿನೆಂಟು ತುಂಬಿದ ನಮ್ಮ ಮಕ್ಕಳ, ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ನೋಡುವುದಕ್ಕೂ ಕಾಯಬೇಕಿಲ್ಲ.

ಮತವು ಒಂದು ಅಮಾನತ್ತು, ಒಂದು ಸಾಕ್ಷ್ಯ. ಅಮಾನತ್ತನ್ನು ಅರ್ಹರಿಗೆ ಒಪ್ಪಿಸಬೇಕೆಂದೂ ಒಂದು ಜನಾಂಗದ ಮೇಲಿನ ಹಗೆಯು ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದೆಂದೂ ಪವಿತ್ರ ಕುರ್‌ಆನ್ ಬೋಧಿಸುತ್ತದೆ. ಪ್ರಾಮಾಣಿಕವಾಗಿ ಯೋಚಿಸಿ ಬೇರೆ ನಿರ್ಧಾರಕ್ಕೆ ಬಂದ ಸಹೋದರನು ದ್ರೋಹಿಯಲ್ಲ. ಹಣ ಪಡೆದು ಮತ ಮಾರಿದವನು ಮಾತ್ರ, ಯಾವ ಪಕ್ಷಕ್ಕೆ ನೀಡಿದ್ದರೂ, ಆ ಅಮಾನತ್ತನ್ನು ಕಳೆದುಕೊಂಡವನು.

ಅಲ್ಲಾಹನು ನಮ್ಮೆಲ್ಲರನ್ನೂ ನ್ಯಾಯದ ಮೇಲೆ ನಿಲ್ಲಿಸಲಿ. ಆಮೀನ್.