ನಾವೀನ್ಯ ಪ್ರಶಸ್ತಿಯ ಅರ್ಜಿ ನಮೂನೆ ಹರಿದುಹಾಕಿ

2025ರ ರಾಜ್ಯೋತ್ಸವ ಪ್ರಶಸ್ತಿಗೆ ಸರ್ಕಾರ ಅರ್ಜಿ ಕರೆಯಲಿಲ್ಲ. ಹುಡುಕಿ, ಅಳೆದು ತೂಗಿ 70 ಮಂದಿಯನ್ನು ಆರಿಸಿತು. ಪಟ್ಟಿಯ ಬಗ್ಗೆ ತಕರಾರು ಇದ್ದೇ ಇರುತ್ತದೆ, ಇಲ್ಲದ ವರ್ಷವನ್ನು ಯಾರೂ ಕಂಡಿಲ್ಲ. ಆದರೆ ‘ನನ್ನನ್ನು ಸನ್ಮಾನಿಸಿ’ ಎಂದು ಸಾಧಕರೇ ಜೆರಾಕ್ಸ್ ಕಟ್ಟು ಹೊತ್ತು ಕಚೇರಿ ಮೆಟ್ಟಿಲು ಹತ್ತುವ ಮುಜುಗರವಾದರೂ ತಪ್ಪಿತು. ಅದಾಗಿ ಕೆಲವೇ ದಿನಗಳಲ್ಲಿ ಸಚಿವ ಸಂಪುಟ 518 ಕೋಟಿ ರೂಪಾಯಿಯ ಸ್ಟಾರ್ಟ್‌ಅಪ್ ನೀತಿಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷದಲ್ಲಿ 25,000 ಸ್ಟಾರ್ಟ್‌ಅಪ್, ಅದರಲ್ಲಿ 10,000 ಬೆಂಗಳೂರಿನ ಆಚೆಗೆ ಎಂಬುದು ಗುರಿ. ಇವನ್ನು ಕಟ್ಟುವವರನ್ನು ಗುರುತಿಸುವುದು ಹೇಗೆ? ಮತ್ತದೇ ಪೋರ್ಟಲ್, ಅದೇ ಅರ್ಜಿ.

ಡೊಳ್ಳು ಕುಣಿತದ ಕಲಾವಿದರನ್ನು ಹುಡುಕಿಕೊಂಡು ಹೋಗಬಲ್ಲ ಸರ್ಕಾರಕ್ಕೆ, ಹೊಸ ಯಂತ್ರ ಕಟ್ಟಿದವನನ್ನು ಹುಡುಕುವುದು ಏಕೆ ಕಷ್ಟ? ವಿಜ್ಞಾನ, ತಂತ್ರಜ್ಞಾನ, ನಾವೀನ್ಯದ ಹೆಸರಿನಲ್ಲಿ ರಾಜ್ಯ ಕೊಡುವ ಪ್ರಶಸ್ತಿ, ಪುರಸ್ಕಾರಗಳಿಗೂ ಅರ್ಜಿ ಪದ್ಧತಿ ನಿಲ್ಲಬೇಕು. ಹಣ ಬಿಡುಗಡೆಗೆ ದಾಖಲೆ ಬೇಕು, ಒಪ್ಪೋಣ. ಆಯ್ಕೆಯಾದ ಮೇಲೆ ಕೇಳಲಿ.

ಎಲೆಕ್ಟ್ರಾನಿಕ್ ಸಿಟಿಯಿಂದ ನೋಡಿದರೆ ಈ ವ್ಯವಸ್ಥೆಯ ಸೊಟ್ಟ ಬೇಗ ಕಾಣುತ್ತದೆ. ಇಲ್ಲೇ ಕೇಂದ್ರ ಕಚೇರಿ ಇರುವ ಇನ್ಫೊಸಿಸ್‌ನ ಹೆಸರಿನಲ್ಲಿ ನಡೆಯುವ ವಿಜ್ಞಾನ ಪ್ರತಿಷ್ಠಾನ ಶುರುವಾದದ್ದು 2009ರಲ್ಲಿ. ಅದು ಕೊಡುವ ಇನ್ಫೊಸಿಸ್ ಪ್ರಶಸ್ತಿಯ ಮೊತ್ತ 1 ಲಕ್ಷ ಡಾಲರ್. ಅದಕ್ಕೆ ಅರ್ಜಿ ಹಾಕುವ ಪ್ರಶ್ನೆಯೇ ಇಲ್ಲ. ಪ್ರತಿಷ್ಠಾನ ಆಹ್ವಾನಿಸಿದವರು ಹೆಸರು ಸೂಚಿಸುತ್ತಾರೆ, ತೀರ್ಪುಗಾರರು ಆರಿಸುತ್ತಾರೆ, ವಿಜ್ಞಾನಿ ಪ್ರಯೋಗಾಲಯದಲ್ಲಿ ತನ್ನ ಪಾಡಿಗೆ ಇರಬಹುದು. ಇಲ್ಲಿನ ಸೈಬರ್ ಪಾರ್ಕ್‌ನಲ್ಲೇ ಸಾಫ್ಟ್‌ವೇರ್ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಸ್‌ಟಿಪಿಐ ಕಚೇರಿಯೂ ಇದೆ. ಸಾಫ್ಟ್‌ವೇರ್ ಕಂಪನಿಗಳು ಒಪ್ಪಿಸುವ ರಫ್ತಿನ ಲೆಕ್ಕ ಅದರ ಕಡತದಲ್ಲೇ ಇರುತ್ತದೆ. ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಫ್ತು ಪ್ರಶಸ್ತಿ ಕೊಡುವಾಗ ಯಾರ ಭಾಷಣವೂ ಬೇಡ, ಆ ಅಂಕಿಯೇ ಸಾಕು.

ಹೊಸೂರು ರಸ್ತೆಯಲ್ಲಿ ಇನ್ನಷ್ಟು ಮುಂದಕ್ಕೆ ಹೋದರೆ ಬೊಮ್ಮಸಂದ್ರ. ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಶೆಡ್‌ಗಳು. ದೊಡ್ಡ ಕಾರ್ಖಾನೆಯ ಡ್ರಾಯಿಂಗ್‌ನಲ್ಲಿ ಇಲ್ಲದ ಫಿಕ್ಸ್ಚರ್‌ ಒಂದನ್ನು ತಾನೇ ಯೋಚಿಸಿ ಮಾಡಿ, ಗಂಟೆಯ ಕೆಲಸವನ್ನು ನಿಮಿಷಕ್ಕೆ ಇಳಿಸಿದ ಫೋರ್‌ಮನ್‌ಗಳು ಇಂಥ ಕಡೆ ಸಿಗುತ್ತಾರೆ. ಪೀಣ್ಯದಲ್ಲೂ ಸಿಗುತ್ತಾರೆ. ಇಂಥವರು ರಾಜ್ಯ ಸರ್ಕಾರ 2017ರಿಂದ ನಡೆಸುತ್ತಿರುವ ‘ಎಲಿವೇಟ್’ ಸ್ಟಾರ್ಟ್‌ಅಪ್ ಸ್ಪರ್ಧೆಯಲ್ಲಿ ಗೆದ್ದರೆ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಆದರೆ ಅಲ್ಲಿ ನಿಲ್ಲಬೇಕಾದರೆ ಮೊದಲು ಸ್ಟಾರ್ಟ್‌ಅಪ್ ಆಗಿರಬೇಕು. ಕೇಂದ್ರದ ವ್ಯಾಖ್ಯಾನದಲ್ಲಿ ಒಬ್ಬನೇ ಮಾಲೀಕನ ಪ್ರೊಪ್ರೈಟರ್‌ಶಿಪ್‌ಗೆ ಜಾಗವೇ ಇಲ್ಲ. ಅದನ್ನು ದಾಟಿದರೂ ಪಿಚ್ ಡೆಕ್, ಮಾರುಕಟ್ಟೆ ಅಂದಾಜು, ತೀರ್ಪುಗಾರರ ಮುಂದೆ ಕೆಲವೇ ನಿಮಿಷಗಳ ಮಾತು. ಇದನ್ನೆಲ್ಲ ಬರೆದುಕೊಡುವ ಕನ್ಸಲ್ಟೆಂಟ್‌ಗಳೂ ಹುಟ್ಟಿಕೊಂಡಿದ್ದಾರೆ. ಮದುವೆಗೆ ಮುಂಚೆ ದಲ್ಲಾಳಿ ಬಂದ ಹಾಗೆ. ಹೆಸರು ಮಾಡಿದವನಿಗೆ ಪ್ರಶಸ್ತಿ ತಾನಾಗಿ ಬರುತ್ತದೆ, ಹೆಸರೇ ಇಲ್ಲದವನು ಹತ್ತು ಪುಟ ಬರೆಯಬೇಕು.

‘ರಾಜ್ಯದ ಮೂಲೆ ಮೂಲೆಗೆ ಹೋಗಿ ಹುಡುಕುವುದು ಆಗುವ ಮಾತೇ?’ ಎನ್ನುವವರು ಒಂದು ಸಂಖ್ಯೆಯನ್ನು ಯಾವತ್ತೂ ಎತ್ತುವುದಿಲ್ಲ. 2000ದಲ್ಲಿ ಶುರುವಾಗಿ ಗಾಂಧಿನಗರದಲ್ಲಿ ನೆಲೆಸಿರುವ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಸಂಗ್ರಹದಲ್ಲಿ 3 ಲಕ್ಷಕ್ಕೂ ಹೆಚ್ಚು ಐಡಿಯಾ, ಆವಿಷ್ಕಾರ, ಸಾಂಪ್ರದಾಯಿಕ ತಿಳಿವಳಿಕೆಗಳಿವೆ. ಬಂದದ್ದು 600ಕ್ಕೂ ಹೆಚ್ಚು ಜಿಲ್ಲೆಗಳಿಂದ. ಎಲ್ಲವೂ ಹೊಸದಲ್ಲ ಎಂದು ಪ್ರತಿಷ್ಠಾನವೇ ಹೇಳುತ್ತದೆ, ನೂರರಲ್ಲಿ ತೊಂಬತ್ತು ಜಳ್ಳೆಂದೇ ಇಟ್ಟುಕೊಳ್ಳಿ. ಉಳಿದದ್ದು 30,000. ಇದು ಪಿಚ್ ಡೆಕ್‌ಗಳಿಂದ ಬಂದದ್ದಲ್ಲ. ಅಹಮದಾಬಾದ್ ಐಐಎಂನ ಪ್ರೊ. ಅನಿಲ್ ಗುಪ್ತ ಮತ್ತು ಹನಿ ಬೀ ಜಾಲದವರು ಹಳ್ಳಿಗಳಲ್ಲಿ ಕಾಲ್ನಡಿಗೆಯ ಶೋಧಯಾತ್ರೆ ಮಾಡಿದರು, ಊರೂರಿನ ಸ್ವಯಂಸೇವಕರು ವಿಷಯ ಬರೆದು ಕಳಿಸಿದರು. ಭಾಷೆ ಯಾವುದಾದರೂ ಸರಿ ಎಂಬುದು ಅಲ್ಲಿನ ಪದ್ಧತಿ. ಈ ಜಾಲಕ್ಕೆ ‘ಹಿತ್ತಲ ಗಿಡ’ ಎಂಬ ಕನ್ನಡ ಪತ್ರಿಕೆಯೂ ಇತ್ತು ಎಂಬುದು ನಮ್ಮ ನೀತಿ ಬರೆಯುವವರಲ್ಲಿ ಎಷ್ಟು ಜನರಿಗೆ ನೆನಪಿದೆಯೋ.

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ನೋಡಿ. ಓದಿದ್ದು ಎಸ್ಸೆಸ್ಸೆಲ್ಸಿ. ಬೆಳಗ್ಗೆ ಎಚ್ಚರವಾಗದು ಎಂದು ಅಲಾರಾಂ ಗಡಿಯಾರಕ್ಕೆ ದಾರ ಕಟ್ಟಿ, ಹೊತ್ತಿಗೆ ಸರಿಯಾಗಿ ಮುಖದ ಮೇಲೆ ನೀರು ಸುರಿಯುವಂತೆ ಮಾಡಿಕೊಂಡವರು. ಮುಂದೆ ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬೀಜ–ಗೊಬ್ಬರ ಎರಡನ್ನೂ ಬಿತ್ತುವ ಕೂರಿಗೆ, ಕಬ್ಬು ನಾಟಿ ಯಂತ್ರ, ನೀರು ಕಾಯಿಸುವ ಬಾಯ್ಲರ್ ಮಾಡಿದರು. ದಶಕಗಟ್ಟಲೆ ಕೆಲಸದ ನಂತರ 2015ರಲ್ಲಿ ನಾವೀನ್ಯ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ. ದೇಶದ ಮಟ್ಟದಲ್ಲಿ ಅವರನ್ನು ಎತ್ತಿ ತೋರಿಸಿದ್ದು ಗುಜರಾತಿನ ಸಂಸ್ಥೆ. ನಮ್ಮ ಎಲಿವೇಟ್ ಸ್ಪರ್ಧೆಯ ಇಂದಿನ ನಿಯಮಕ್ಕೆ ಹಚ್ಚಿದರೆ, ಯಂತ್ರ ತೋರಿಸುವ ಮೊದಲೇ ಅವರ ಅರ್ಜಿ ‘ಅಪೂರ್ಣ’ ಎಂದು ವಾಪಸಾಗುತ್ತಿತ್ತು. ಪದ್ಮಕ್ಕೆ ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳಲೂ ಅವಕಾಶವಿದೆ. ಸಾಧನೆಯನ್ನು 800 ಪದ ಮೀರದಂತೆ ಬರೆಯಬೇಕು, ಹೆಚ್ಚುಕಡಿಮೆ ಈ ಲೇಖನದಷ್ಟು. ಬರೆಯುವುದೇ ಕಸುಬಾದ ನನಗೇ ಇದು ಬೆವರಿಳಿಸುವ ಕೆಲಸ. ಕಬ್ಬಿಣ ಬಗ್ಗಿಸುವವರಿಗೆ ಈ ಪರೀಕ್ಷೆ ಏಕೆ?

ಹುಡುಕುವುದಕ್ಕೆ ಸಿಬ್ಬಂದಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸರ್ಕಾರದ ಕಪಾಟಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರದು. ಅದರ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ 1977ರಿಂದ ನಡೆದು ಬಂದಿದೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಜೊತೆ ಅದಕ್ಕೆ ನೇರ ನಂಟಿದೆ. ಆ ಕಾಲೇಜುಗಳ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಅಧ್ಯಾಪಕರು ವರ್ಷಕ್ಕೆ ಒಮ್ಮೆ ತಮ್ಮ ತಾಲ್ಲೂಕಿನ ಗ್ಯಾರೇಜು, ಶೆಡ್ಡು, ತೋಟ ಸುತ್ತಿ ಬರಲಿ. ಜಿಲ್ಲೆಗೊಂದು ಜಿಲ್ಲಾ ಕೈಗಾರಿಕಾ ಕೇಂದ್ರವಿದೆ, ಹೋಬಳಿಗೆ ರೈತ ಸಂಪರ್ಕ ಕೇಂದ್ರವಿದೆ, ಅವೂ ಕೈಜೋಡಿಸಲಿ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅರ್ಜಿ ಇಲ್ಲದಿದ್ದರೆ ಶಿಫಾರಸು ಬರುತ್ತದೆ. ಹುಡುಕುವವನಿಗೆ ತನ್ನ ಕಡೆಯವರೇ ಕಾಣುತ್ತಾರೆ. ನಿಜ. ಇನ್ಫೊಸಿಸ್ ಪ್ರಶಸ್ತಿಯ ಬಳಗವೂ ದೊಡ್ಡ ಸಂಸ್ಥೆಗಳ ಒಳಗೇ ಸುತ್ತುತ್ತದೆ ಎಂಬ ಗೊಣಗಾಟ ಇದ್ದೇ ಇದೆ. ಆದರೆ ಅರ್ಜಿ ಕರೆದ ವರ್ಷಗಳಲ್ಲಿ ರಾಜ್ಯೋತ್ಸವ ಪ್ರಶಸ್ತಿಗೆ ಶಾಸಕರ ಪತ್ರ ಬರುವುದು ನಿಂತಿತ್ತೇ? ಅರ್ಜಿ ಶಿಫಾರಸನ್ನು ತಡೆಯಲಿಲ್ಲ, ಅದಕ್ಕೊಂದು ಕಡತ ಸಂಖ್ಯೆ ಕೊಟ್ಟಿತಷ್ಟೆ. ಶಿಫಾರಸಿಗೆ ಮದ್ದು ಬಹಿರಂಗ ತೀರ್ಪು: ಹೆಸರು ಸೂಚಿಸಿದವರು ಯಾರು, ಯಂತ್ರವನ್ನು ಹೋಗಿ ನೋಡಿದವರು ಯಾರು, ಆರಿಸಿದ್ದು ಏಕೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಪ್ರಕಟಿಸುವುದು.

ಮುಂದಿನ ಎಲಿವೇಟ್ ಕರೆಗೆ ಮೊದಲು ಮೂರೇ ಕಡೆ ಪ್ರಯೋಗ ನಡೆಯಲಿ: ಬೊಮ್ಮಸಂದ್ರ, ಪೀಣ್ಯ, ಮತ್ತು ಬೆಂಗಳೂರಿಗೆ ದೂರದ ಯಾವುದಾದರೂ ಒಂದು ಜಿಲ್ಲೆ. ಇಬ್ಬರು ಅಧ್ಯಾಪಕರು, ಕೈಗಾರಿಕಾ ಕೇಂದ್ರದ ಒಬ್ಬ ಅಧಿಕಾರಿ ಶೆಡ್‌ಗೆ ಹೋಗಿ, ಯಂತ್ರ ಓಡಿಸಿ ನೋಡಿ, ಹೆಸರು ಬರೆದುಕೊಂಡು ಬರಲಿ. ಕಂಪನಿ ನೋಂದಣಿ, ಬ್ಯಾಲೆನ್ಸ್ ಶೀಟ್ ಆಮೇಲೆ ಕೇಳಿದರಾಯಿತು.