ಬಿದ್ದವನೇ ಫೀಲ್ಡರಾ?

ನಮ್ಮ ಅರಕೆರೆಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆ ಬಯಲೇ ಕ್ರಿಕೆಟ್ ಮೈದಾನ. ಕೂಳೆ ಚುಚ್ಚುವ ಆ ನೆಲದ ಮೇಲೆ ಡೈವ್ ಹೊಡೆದು ಮೊಣಕೈ ತರಚಿಕೊಂಡವನೇ ನಮ್ಮ ಪಾಲಿಗೆ ಸಖತ್ ಫೀಲ್ಡರ್. 1992ರ ವಿಶ್ವಕಪ್‌ನಲ್ಲಿ ಜಾಂಟಿ ರೋಡ್ಸ್ ಹಾರಿ ಇಂಜಮಾಮ್‌ನನ್ನು ರನೌಟ್ ಮಾಡಿದ ಫೋಟೋ ನೋಡಿದ ಮೇಲಂತೂ ಕೇಳಲೇಬೇಡಿ!

ನಮ್ಮ ಟೀಮಲ್ಲಿ ಒಬ್ಬನಿದ್ದ. ಬ್ಯಾಟು ಎತ್ತುವಷ್ಟರಲ್ಲೇ ಎರಡು ಹೆಜ್ಜೆ ಸರಿದಿರುತ್ತಿದ್ದ. ಚೆಂಡು ಸೀದಾ ಅವನ ಕೈಗೇ ಬರುತ್ತಿತ್ತು. ಬೀಳುವ ಅಗತ್ಯವೇ ಇರಲಿಲ್ಲ. 'ಇವ್ನು ಮೈ ಬಗ್ಸಲ್ಲ ಕಣ್ಲಾ' ಅಂತ ಒಂದು ಟೂರ್ನಮೆಂಟಿಗೆ ಅವನನ್ನು ಕೈಬಿಟ್ಟೆವು. ಹೂಂ ಅಂದವರಲ್ಲಿ ನಾನೂ ಒಬ್ಬ. ಆಮೇಲೆ ಅವನು ಆಟಕ್ಕೆ ಬರಲೇ ಇಲ್ಲ.

ನಮ್ಮ ದ್ರಾವಿಡ್‌ರನ್ನೇ ನೋಡಿ. 164 ಟೆಸ್ಟ್‌ಗಳಲ್ಲಿ 210 ಕ್ಯಾಚ್! 2025ರಲ್ಲಿ ಜೋ ರೂಟ್ ಮೀರಿಸುವ ತನಕ ಅದೇ ವಿಶ್ವದಾಖಲೆ. ಹೆಚ್ಚಿನವು ಸ್ಲಿಪ್‌ನಲ್ಲಿ ಸುಮ್ಮನೆ ನಿಂತು, ಕಣ್ಣು ನೆಟ್ಟು ಹಿಡಿದವು. ಆದರೂ 'ಒಳ್ಳೇ ಫೀಲ್ಡರ್ ಯಾರು?' ಅಂದರೆ ನಮಗೆ ಮೊದಲು ನೆನಪಾಗೋದು ಹಾರುವವರೇ.

ಜಾಂಟಿ ದೊಡ್ಡ ಫೀಲ್ಡರ್, ಎರಡು ಮಾತಿಲ್ಲ. ಆದರೆ ಅವರನ್ನು ನೋಡಿ ನಾವು ಕಲಿತದ್ದು ಬೀಳೋದನ್ನು ಮಾತ್ರ. ತಡವಾಗಿ ಹೊರಟವನೂ ಬೀಳಲೇಬೇಕಾಗುತ್ತೆ ಅನ್ನೋದು ಹೊಳೆಯಲೇ ಇಲ್ಲ. ಚೆಂಡು ಬೌಂಡರಿಗೆ ಹೋದರೂ ಅವನಿಗೆ ಚಪ್ಪಾಳೆ. ತಡೆದು ನಿಂತವನಿಗೆ 'ಸುಲಭದ ಬಾಲು ಬಿಡು' ಅನ್ನೋ ಮಾತು!

ಈಗ ಊರಿಗೆ ಹೋದಾಗ ಹುಡುಗರ ಮ್ಯಾಚ್ ನೋಡುತ್ತಾ ಬಟ್ಟೆಗೆ ಮಣ್ಣಾಗದವನನ್ನೇ ಹುಡುಕುತ್ತೇನೆ. ನಿಮ್ಮೂರ ಟೀಮಲ್ಲೂ ಅಂಥವನೊಬ್ಬ ಇದ್ದನಾ?