ತಾತನ ಬೂದಿ ವಜ್ರವಾದರೆ, ಆ ವಜ್ರ ತಾತನೇ?

ಮುಡುಕುತೊರೆಯಲ್ಲಿ ತಾತ ತೀರಿಕೊಂಡ ಮೂರನೇ ದಿನ, ಇನ್ನೇನು ಹಾಲು-ತುಪ್ಪ ಬಿಡಬೇಕು, ಅಮೆರಿಕದಲ್ಲಿರುವ ದೊಡ್ಡಪ್ಪನ ಮಗನ ವಾಟ್ಸ್‌ಆ್ಯಪ್ ಕರೆ ಬಂತು. ವೀಸಾ ತೊಡಕಿನಿಂದ ಅಣ್ಣನಿಗೆ ಬರಲಾಗಿರಲಿಲ್ಲ. ‘ಬೂದಿಯನ್ನೆಲ್ಲ ಹೊಳೆಗೆ ಬಿಡಬೇಡಿ, ಅರ್ಧ ಕೆ.ಜಿ. ಎತ್ತಿಡಿ. ಇಲ್ಲಿ ಅದರಿಂದ ವಜ್ರ ಮಾಡಿಕೊಡ್ತಾರೆ’ ಎಂದ. ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಮನೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವವನು ನಾನೊಬ್ಬನೇ. ಇದು ಆಗುವ ಮಾತೋ ಅಲ್ಲವೋ ಎಂದು ನಾನೇ ಹೇಳಬೇಕಿತ್ತು. ನನಗೂ ಗೊತ್ತಿರಲಿಲ್ಲ. ಕೊನೆಗೆ ಅರ್ಧ ಕೆ.ಜಿ. ಎತ್ತಿಟ್ಟೆವು. ಅಸ್ಥಿ ಮನೆಯೊಳಗೆ ಬರಬಾರದೆಂದು ಆ ಮಡಕೆಯನ್ನು ಅಪ್ಪ ತೋಟದ ಹುಣಸೆ ಮರಕ್ಕೆ ಕಟ್ಟಿದರು.

ಆಮೇಲೆ ಓದಿ ನೋಡಿದರೆ, ಆಗುವ ಮಾತೇ. ವಜ್ರ ಅಂದರೆ ಬರೀ ಇಂಗಾಲ ಎಂಬುದನ್ನು 1797ರಲ್ಲಿ ಸ್ಮಿತ್ಸನ್ ಟೆನಂಟ್ ವಜ್ರವನ್ನೇ ಸುಟ್ಟು ತೋರಿಸಿದ್ದ. 1950ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಗ್ರಾಫೈಟ್‌ನಿಂದ ವಜ್ರ ತಯಾರಿಸಿತು. ವಿಧಾನದ ಹೆಸರು ಎಚ್‌ಪಿಎಚ್‌ಟಿ: ವಾತಾವರಣದ 50–60 ಸಾವಿರ ಪಟ್ಟು ಒತ್ತಡ, ಸುಮಾರು 1,400 ಡಿಗ್ರಿ ಶಾಖ, ಕರಗಿದ ಕಬ್ಬಿಣ-ನಿಕಲ್‌ನಂಥ ಲೋಹ, ಜೊತೆಗೆ ಒಂದು ಬೀಜದ ಹರಳು. ಮೃತರ ಬೂದಿ ಅಥವಾ ಕೂದಲಿನ ಇಂಗಾಲವನ್ನು ಹೀಗೆ ವಜ್ರವಾಗಿಸುವ ವ್ಯಾಪಾರವನ್ನು ಈ ಶತಮಾನದ ಆರಂಭದಲ್ಲಿ ಅಮೆರಿಕದ ಲೈಫ್‌ಜೆಮ್ ಶುರು ಮಾಡಿತು. 2004ರಲ್ಲಿ ಸ್ವಿಟ್ಜರ್ಲೆಂಡ್‌ನ ಅಲ್ಗೋರ್ಡಾಂಜಾ ಬಂತು. 2007ರಲ್ಲಿ ಬೀಥೋವನ್‌ನ ಕೂದಲಿನಿಂದ ಮಾಡಿದ ವಜ್ರವೊಂದು ಇ-ಬೇಯಲ್ಲಿ ಸುಮಾರು 2 ಲಕ್ಷ ಡಾಲರ್‌ಗೆ ಹೋಯಿತು.

ಅಣ್ಣನದು ಶೋಕಿ ಎಂದು ಊರಲ್ಲಿ ಕೆಲವರು ಆಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕರ್ಮಗಳೆಲ್ಲ ಹತ್ತಿರದಲ್ಲಿರುವವರಿಗಾಗಿ ಆದವು. ಮೂರನೇ ದಿನಕ್ಕೆ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ. ಹದಿನೈದು ಸಾವಿರ ಕಿಲೋಮೀಟರ್ ಆಚೆ ಇರುವವನಿಗೆ ಅದರಲ್ಲಿ ಜಾಗವೆಲ್ಲಿ? ದೂರ ಅಂದರೆ ಏನೆಂದು ಕೋವಿಡ್ ಕಾಲದಲ್ಲಿ ಊರಲ್ಲೇ ಇದ್ದವರಿಗೂ ಗೊತ್ತಾಯಿತು. 2021ರ ಜೂನ್‌ನಲ್ಲಿ, ನಮ್ಮೂರಿಂದ ಹೊಳೆಯ ಕೆಳಕ್ಕಿರುವ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಆಗಿನ ಕಂದಾಯ ಸಚಿವ ಆರ್. ಅಶೋಕ, ಬೆಂಗಳೂರಿನ ಚಿತಾಗಾರಗಳಲ್ಲಿ ವಾರಸುದಾರರು ಬಾರದೆ ಉಳಿದಿದ್ದ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಕಾವೇರಿಗೆ ಬಿಟ್ಟರು. ಮಕ್ಕಳು ಮಾಡಬೇಕಾದ್ದನ್ನು ಸರ್ಕಾರ ಮಾಡಬೇಕಾಯಿತು. ಅದನ್ನು ಟಿ.ವಿ.ಯಲ್ಲಿ ನೋಡಿದವನು ಒಂದು ಹಿಡಿ ಬೂದಿ ತನ್ನ ಬಳಿ ಇರಲಿ ಎಂದು ಬಯಸುವವನನ್ನು ನೋಡಿ ನಗಲಾರ.

ನನ್ನ ತಕರಾರು ಬೇರೆ. ಶರೀರದ ಇಂಗಾಲದಲ್ಲಿ ಹೆಚ್ಚಿನ ಪಾಲು ಚಿತೆಯಲ್ಲೇ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ನಾವು ಆಯ್ದು ತರುವುದು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್. ಅದರಲ್ಲಿ ಇಂಗಾಲ ಉಳಿದರೆ ನೂರಕ್ಕೆ ಒಂದೆರಡು ಪಾಲು, ಅದೂ ಹೆಚ್ಚಾಗಿ ಕಾರ್ಬೊನೇಟ್ ರೂಪದಲ್ಲಿ. ಲೆಕ್ಕಕ್ಕೆ ಅಷ್ಟು ಸಾಕು. ಒಂದು ಕ್ಯಾರೆಟ್ ಅಂದರೆ ಬರೀ 0.2 ಗ್ರಾಂ. ಅರ್ಧ ಕೆ.ಜಿ. ಬೂದಿಯಲ್ಲಿ ನೂರಕ್ಕೆ ಒಂದು ಪಾಲು ಇಂಗಾಲವಿದ್ದರೂ 5 ಗ್ರಾಂ ಆಯಿತು. ಆದರೆ ಆ ಇಂಗಾಲದಲ್ಲಿ ತಾತನದೆಷ್ಟು, ಸೌದೆಯದೆಷ್ಟು, ಬೂದಿ ಆರುವಾಗ ಗಾಳಿಯಿಂದ ಹೀರಿಕೊಂಡದ್ದೆಷ್ಟು? ಬೀಜದ ಹರಳಂತೂ ತಾತನದಲ್ಲ. ಹಳದಿ ಬಣ್ಣ ಬಂದರೆ ಅದು ನೈಟ್ರೋಜನ್‌ನಿಂದ, ನೀಲಿ ಬಂದರೆ ಬೋರಾನ್‌ನಿಂದ.

ಇನ್ನೊಂದು, ಇದನ್ನು ಪರೀಕ್ಷಿಸಲು ದಾರಿಯೇ ಇಲ್ಲ. ಅಷ್ಟು ಶಾಖದಲ್ಲಿ ಡಿಎನ್‌ಎ ಉಳಿಯುವುದಿಲ್ಲ. ರತ್ನ ಪರೀಕ್ಷಾಲಯ ಕೊಡುವ ಪ್ರಮಾಣಪತ್ರ, ಇದು ವಜ್ರ, ಪ್ರಯೋಗಾಲಯದಲ್ಲಿ ಬೆಳೆದದ್ದು ಎನ್ನುತ್ತದೆಯೇ ಹೊರತು ಯಾರ ಇಂಗಾಲ ಎಂದು ಹೇಳದು. ಬೂದಿಯನ್ನು ಪಕ್ಕಕ್ಕಿಟ್ಟು ಅಂಗಡಿ ಗ್ರಾಫೈಟ್‌ನಿಂದ ಮಾಡಿ ಕಳಿಸಿದರೂ ಅಣ್ಣ ಕಣ್ಣಿಗೊತ್ತಿಕೊಂಡು ಧರಿಸುತ್ತಾನೆ. ಎಲ್ಲರೂ ಹಾಗೆ ಮಾಡುತ್ತಾರೆ ಅನ್ನುತ್ತಿಲ್ಲ. ಆದರೆ ದುಃಖದಲ್ಲಿರುವವರು ಬಿಲ್ ನೋಡಿ ಚೌಕಾಸಿ ಮಾಡುವುದಿಲ್ಲ ಎಂಬುದು ಈ ವ್ಯಾಪಾರಕ್ಕೆ ಚೆನ್ನಾಗಿ ಗೊತ್ತು.

ನಮ್ಮ ದೇಶದಲ್ಲೂ ಈ ಪ್ರಶ್ನೆ ಬೇಗ ಏಳಬಹುದು. ಸೂರತ್‌ನಲ್ಲಿ ಪ್ರಯೋಗಾಲಯದ ವಜ್ರ ಈಗ ದೊಡ್ಡ ಉದ್ಯಮ. 2023ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಬೀಜದ ಹರಳಿನ ಮೇಲಿನ ಆಮದು ಸುಂಕ ತೆಗೆಯಿತು, ಐಐಟಿ ಮದ್ರಾಸ್‌ಗೆ ಐದು ವರ್ಷಗಳ ಸಂಶೋಧನೆಗಾಗಿ 242 ಕೋಟಿ ರೂಪಾಯಿ ಕೊಟ್ಟಿತು. ಮೆಟೀರಿಯಲ್ಸ್, ಪ್ಲಾಸ್ಮಾ, ವ್ಯಾಕ್ಯೂಮ್ ಓದಿದವರಿಗೆ ಕೆಲಸವೂ ಇದೆ. ನನ್ನ ಸಹಪಾಠಿಗಳು ಗಮನಿಸಲಿ. ಆದರೆ ಉತ್ಪಾದನೆ ಹೆಚ್ಚಿದಂತೆ ಈ ವಜ್ರಗಳ ಬೆಲೆ ಜಾರುತ್ತಿದೆ. ಕಲ್ಲಿಗೆ ಬೆಲೆ ಇಲ್ಲದಾದಾಗ ಕಥೆಗೆ ಬೆಲೆ ಕಟ್ಟುತ್ತಾರೆ. ಸ್ಮಾರಕ ವಜ್ರಕ್ಕೆ ಕೇಳುವ ಸಾವಿರಾರು ಡಾಲರ್ ಬಹುಪಾಲು ಕಥೆಯ ಬೆಲೆಯೇ.

ಆಚೆ ದಡದ ಮಾಲಂಗಿಯಲ್ಲಿ ಒಡವೆಯ ಸಮೇತ ಹೊಳೆಗೆ ಹಾರಿದ ಅಲಮೇಲಮ್ಮನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಜ್ಜಿಗೆ ಇದೆಲ್ಲ ವಿವರಿಸಿದಾಗ ನೆನಪಾದದ್ದು ಅದೇ. ‘ಅವ್ಳು ವಡ್ವೆ ತಕ್ಕಂಡು ವೊಳ್ಗೋದ್ಲು, ಇವ್ನು ತಾತುನ್ನೇ ವಡ್ವೆ ಮಾಡ್ತಾನಂತಾ?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: ‘ಉಂಗ್ರ ಕಳ್ದೋದ್ರೆ ಇನ್ನೊಂದ್ಸಲ ಸೂತ್ಕ ಕೂತ್ಕಬೇಕಾ?’

ಯಾವ ಕಂಪನಿಯ ಜಾಲತಾಣದಲ್ಲೂ ಇದಕ್ಕೆ ಉತ್ತರ ಸಿಗಲಿಲ್ಲ. ನಾನು ಅಣ್ಣನಿಗೆ ಮೂರು ಪ್ರಶ್ನೆ ಬರೆದು ಕಳಿಸಿದ್ದೇನೆ: ಬೂದಿಯಿಂದ ಎಷ್ಟು ಗ್ರಾಂ ಇಂಗಾಲ ತೆಗೆದೆವೆಂದು ಲಿಖಿತವಾಗಿ ಕೊಡುತ್ತಾರಾ? ಸಾಲದಿದ್ದರೆ ಹೊರಗಿನ ಇಂಗಾಲ ಸೇರಿಸುತ್ತಾರಾ? ಉಳಿದ ಬೂದಿ ವಾಪಸ್ ಕಳಿಸುತ್ತಾರಾ? ‘ಕೇಳಿ ಹೇಳ್ತೀನಿ, ತೆಗೆದುಕೊಂಡು ಹೋಗೋದಾದರೆ ಜಾತ್ರೆಗೆ ಬಂದಾಗ ನಾನೇ ತಗೊಂಡು ಹೋಗ್ತೀನಿ’ ಎಂದಿದ್ದಾನೆ. ಮಡಕೆ ಇನ್ನೂ ಹುಣಸೆ ಮರದಲ್ಲೇ ಇದೆ. ಮಳೆ ಶುರುವಾದ ಮೇಲೆ ಅಪ್ಪ ಅದಕ್ಕೊಂದು ಪ್ಲಾಸ್ಟಿಕ್ ಹೊದಿಸಿ ಕಟ್ಟಿದ್ದಾರೆ.